ದುರ್ಗದ ಗಾಳಿಯಲ್ಲಿ ತಣಿಸಿದ 12 ಲೀಟರ್ ಚಹಾ

ಮೊಸರಿಗೆ ಹೆಪ್ಪು ಹಾಕಿ ಪಳಗಿದ ಬೆರಳು ನನ್ನದು. ಕಾಯಿಸಿದ ಹಾಲಿಗೆ ಕಿರುಬೆರಳು ಅದ್ದಿದರೆ ಹದ ಬಂತೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಅದೇ ಬೆರಳನ್ನು ನಂಬಿ ಮೊದಲ ಸಲ 12 ಲೀಟರ್ ಕೊಂಬುಚಾ ಹಾಳು ಮಾಡಿಕೊಂಡೆ.

ಕೊಂಬುಚಾ ಅಂದರೆ ಸಕ್ಕರೆ ಹಾಕಿದ ಚಹಾದ ಡಿಕಾಕ್ಷನ್ನನ್ನು ಹುಳಿ ಬರಿಸುವುದು. ಲೀಟರಿಗೆ 70 ಗ್ರಾಂ ಸಕ್ಕರೆ, 6 ಗ್ರಾಂ ಚಹಾಪುಡಿ, ಹಿಂದಿನ ಸಲದ್ದರಲ್ಲಿ ಉಳಿಸಿಕೊಂಡ ಹುಳಿನೀರು ಹತ್ತರಲ್ಲಿ ಒಂದು ಪಾಲು, ಮೇಲೊಂದು ದೋಸೆಯಂಥ ಸ್ಕೋಬಿ, ಅಂದರೆ ಹುಳಿ ಬರಿಸುವ ಜೀವಿಗಳು ಕೂಡಿ ಬೆಳೆದ ಪದರ. ಅದರಲ್ಲಿರುವ ಯೀಸ್ಟ್ ಸಕ್ಕರೆ ತಿನ್ನುತ್ತದೆ, ಬ್ಯಾಕ್ಟೀರಿಯಾ ಹುಳಿ ಮಾಡುತ್ತದೆ. ಒಂದೆರಡು ಲೀಟರ್ ಮಾಡುವವರಿಗೆ ತಣಿಸುವ ಚಿಂತೆಯೇ ಇಲ್ಲ, ಅಗಲವಾದ ಪಾತ್ರೆಯಲ್ಲಿಟ್ಟರೆ ತಾನಾಗಿ ಆರುತ್ತದೆ. ಚಿತ್ರದುರ್ಗದಲ್ಲಿ ನಮ್ಮದು ಕೂಡು ಕುಟುಂಬ, ಬೇಸಿಗೆಯಲ್ಲಿ ನೆಂಟರೂ ಬರುತ್ತಾರೆ. 12 ಲೀಟರ್ ಒಮ್ಮೆಲೇ ಕುದಿಸಿದೆ. ಮಲಗುವ ಮುಂಚೆ ಡೇಗಿಸದ ಬಾಯಿಗೆ ತೆಳು ಬಟ್ಟೆ ಹೊದಿಸಿ ಅಡಿಗೆಮನೆಯಲ್ಲಿಟ್ಟೆ. ಬೆಳಿಗ್ಗೆ ಬೆರಳು ಅದ್ದಿ ನೋಡಿದರೆ ಹದವಾಗಿಯೇ ಇತ್ತು. ಹುಳಿನೀರು, ಸ್ಕೋಬಿ ಎರಡನ್ನೂ ಹಾಕಿದೆ. ಆರನೇ ದಿನ ಮೇಲೆ ಹಸಿರು ಬೂಷ್ಟು, ಒಣ ಹತ್ತಿಯ ಹಾಗೆ. ಬೂಷ್ಟು ಬಂದ ಮೇಲೆ ಕೆನೆ ತೆಗೆದು ಉಳಿದದ್ದು ಕುಡಿಯೋಣ ಅನ್ನುವಂತಿಲ್ಲ. ಸ್ಕೋಬಿ ಸಮೇತ ಎಲ್ಲವನ್ನೂ ಚೆಲ್ಲಬೇಕು. ಚೆಲ್ಲಿದೆ. ಹೊಟ್ಟೆ ಉರಿಯಿತು.

ಮುಂದಿನ ಸಲ ಥರ್ಮಾಮೀಟರ್ ತಂದು, ಹಾಗೇ ಇಟ್ಟ ಪಾತ್ರೆಯನ್ನು ಬೆಳಿಗ್ಗೆ ಅಳೆದೆ. 41 ಡಿಗ್ರಿ. ಮೊಸರಿಗೆ ಒಳ್ಳೆಯ ಹದವೇ, ಮೊಸರಿನ ಬ್ಯಾಕ್ಟೀರಿಯಾಕ್ಕೆ 40ರ ಆಸುಪಾಸು ಇಷ್ಟ. ಕೊಂಬುಚಾದ ಯೀಸ್ಟಿಗೆ ಅದು ಸುಡುವ ಲೆಕ್ಕ, ಅದಕ್ಕೆ 30ರ ಕೆಳಗಿರಬೇಕು. ನನ್ನ ಬೆರಳು ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಇದಕ್ಕೆ ಉತ್ತರ ಸಿಕ್ಕಿದ್ದು ಮೆಲ್ಬರ್ನ್‌ನಲ್ಲಿ, ತಮ್ಮನ ಮನೆಯ ಗ್ಯಾರೇಜಿನಲ್ಲಿ. ಅಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. (ನಮ್ಮಲ್ಲಿ ಪರವಾನಗಿ ಬೇಕು, ಹಾಗಾಗಿ ಊರಿಗೆ ತಂದದ್ದು ವಿಧಾನವನ್ನು ಮಾತ್ರ.) ಬಾರ್ಲಿ ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ ಸೋಸಿ, ಕಹಿಗೆಂದು ಹಾಕುವ ಹಾಪ್ಸ್ ಹೂವಿನ ಜೊತೆ ಕುದಿಸಿದ ಸಿಹಿ ದ್ರವಕ್ಕೆ ವೋರ್ಟ್ ಅಂತಾರೆ. ಸಾಮಾನ್ಯವಾಗಿ ಅದರೊಳಗೆ ತಾಮ್ರದ ಸುರುಳಿ ಇಳಿಸಿ ನಲ್ಲಿ ನೀರು ಹರಿಸಿ ಅರ್ಧ ಗಂಟೆಯಲ್ಲಿ ತಣಿಸುತ್ತಾರೆ. ತಮ್ಮನ ಬಳಿ ಸುರುಳಿ ಇರಲಿಲ್ಲ. ಕುದಿದ ವೋರ್ಟನ್ನು ಬಿಸಿ ಬಿಸಿಯಾಗಿಯೇ ದಪ್ಪ ಎಚ್‌ಡಿಪಿಇ ಎಂಬ ಬಿಸಿ ತಡೆಯುವ ಪ್ಲಾಸ್ಟಿಕ್ಕಿನ ಕ್ಯಾನಿಗೆ ಸುರಿದ, ಬದಿ ಒತ್ತಿ ಒಳಗಿನ ಗಾಳಿಯನ್ನೆಲ್ಲ ಹೊರಡಿಸಿದ, ಬಿರಡೆ ತಿರುಗಿಸಿ ಬಿಗಿದ, ಆಮೇಲೆ ಕ್ಯಾನನ್ನು ಮಗ್ಗುಲಾಗಿ ಮಲಗಿಸಿದ. ಯಾಕೋ ಅಂದೆ. ಬಿರಡೆಯ ಒಳಭಾಗಕ್ಕೂ ಬಿಸಿ ತಾಗಿ ಶುದ್ಧವಾಗಬೇಕಲ್ಲ ಅಂದ. ಬೆಳಿಗ್ಗೆ ಹೊತ್ತಿಗೆ ಕ್ಯಾನಿನ ಪಕ್ಕೆ ಒಳಕ್ಕೆ ಎಳೆದುಕೊಂಡಿತ್ತು. ಆಸ್ಟ್ರೇಲಿಯಾದ ಹವ್ಯಾಸಿಗಳಲ್ಲಿ ಇದು ಬಹಳ ಬಳಕೆಯಲ್ಲಿರುವ ಪದ್ಧತಿ. ವೋರ್ಟ್ ಹೆಚ್ಚು ಹೊತ್ತು ಬಿಸಿ ಇರುವುದರಿಂದ ಕೊನೆಗೆ ಹಾಕಿದ ಹಾಪ್ಸ್ ಕೂಡ ಕಹಿ ಬಿಡುತ್ತಲೇ ಇರುತ್ತದೆ, ಅದಕ್ಕೆ ಅವನು ಕೊನೆಯ ಕಂತನ್ನು ತಡವಾಗಿ ಹಾಕುತ್ತಾನೆ. ವಾರಗಟ್ಟಲೆ ಇಡುವುದೂ ಇಲ್ಲ, ಮರುದಿನವೇ ಯೀಸ್ಟ್ ಹಾಕುತ್ತಾನೆ. ಯಾಕೆಂದರೆ ಗಾಳಿಯಿಲ್ಲದ ಕಡೆ ಬೆಳೆದು ಮಾರಕ ವಿಷ ಬಿಡುವ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ, ವೋರ್ಟಿನ ಹುಳಿ ಅವನ್ನು ತಡೆಯುವಷ್ಟಿಲ್ಲ.

ಅಲ್ಲಿ ನನಗೆ ಹೊಳೆದದ್ದು ಇಷ್ಟು. ನಿಧಾನವಾಗಿ ತಣಿದದ್ದಕ್ಕಷ್ಟೇ ನನ್ನ ಚಹಾ ಕೆಟ್ಟಿರಲಿಲ್ಲ. ತಣಿಯುವಾಗ ಬಾಯಿ ತೆರೆದಿತ್ತು. ಬಿಸಿ ಇರುವಾಗಲೇ ಮುಚ್ಚಿಬಿಟ್ಟರೆ ರಾತ್ರಿಯಿಡೀ ತೆಗೆದುಕೊಂಡರೂ ತೊಂದರೆಯಿಲ್ಲ.

ಊರಿಗೆ ಬಂದು 15 ಲೀಟರಿನ ಸ್ಟೀಲ್ ಹಾಲಿನ ಕ್ಯಾನು ಕೊಂಡೆ, ರಬ್ಬರ್ ಗ್ಯಾಸ್ಕೆಟ್ ಇರುವ ಮುಚ್ಚಳದ್ದು. ಅಲ್ಯೂಮಿನಿಯಂ ಬೇಡ ಅಂದೆ. ಕುದಿಯುವ ಚಹಾವನ್ನು ಸೋಸಿ ಅದಕ್ಕೆ ಸುರಿದು, ಒಲೆಯಿಂದ ದೂರ ಇಟ್ಟು, ಮುಚ್ಚಳವನ್ನು ಎರಡು ನಿಮಿಷ ಸಡಿಲವಾಗಿ ಕೂರಿಸುತ್ತೇನೆ. ಆವಿ ಮೇಲಿನ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ. ಆಮೇಲೆ ಬಟ್ಟೆ ಹಿಡಿದು ಒತ್ತಿ ಬಿಗಿಯುತ್ತೇನೆ. ಉರಿಯ ಮೇಲಿದ್ದಾಗ ಮುಚ್ಚಳ ಬಿಗಿಯಬಾರದು, ಅದು ಅಪಾಯ.

ಇನ್ನು ತಣಿಸುವುದು. ನಲ್ಲಿ ನೀರಿಗೆ ದಿನ ಎಣಿಸುವ ಊರಲ್ಲಿ ತಾಮ್ರದ ಸುರುಳಿಗೆ ನೀರು ಹರಿಸುವ ಮಾತೇ ಇಲ್ಲ. ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಸಿಹಿನೀರು ಹೊಂಡ ಅಂತ ಒಂದರಿಂದ ಒಂದಕ್ಕೆ ಇಳಿಸಿ ಕಾಪಾಡಿಕೊಂಡ ಊರು ಇದು. ನಮ್ಮಲ್ಲಿ ಧಾರಾಳವಾಗಿ ಸಿಗುವುದು ಗಾಳಿ. ಜೋಗಿಮಟ್ಟಿಯ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿದ್ದಾರೆಯೇ?

ಕ್ಯಾನಿಗೆ ನೆನೆಸಿದ ಗೋಣಿಚೀಲ ಸುತ್ತಿ ರಾತ್ರಿ 9 ಗಂಟೆಗೆ ಮಹಡಿಗೆ ಒಯ್ದೆ. ಮೊದಲ ಸಲ ನೆಲಕ್ಕೇ ಇಟ್ಟಿದ್ದೆ. ಏಪ್ರಿಲ್ ತಿಂಗಳು, ತಾರಸಿಗೆ ಅಂಗಾಲು ಇಟ್ಟರೆ ಹಗಲಿನ ಕಾವು ಇನ್ನೂ ಚುರುಚುರು ಅನ್ನುತ್ತಿತ್ತು. ಕಲ್ಲಿನ ಬೆಟ್ಟದ ಬುಡದ ಮನೆ, ಬಂಡೆಯೂ ಗಚ್ಚೂ ನಡುರಾತ್ರಿವರೆಗೆ ಬಿಸಿ ಕಕ್ಕುತ್ತವೆ. ಈಗ ನಾಲ್ಕು ಇಟ್ಟಿಗೆ ಜೋಡಿಸಿ, ಅದರ ಮೇಲೆ ನೀರು ತುಂಬಿದ ಪರಾತ, ಪರಾತದೊಳಗೆ ಕ್ಯಾನು. ಗೋಣಿಯ ಅಂಚು ಪರಾತದ ನೀರಲ್ಲಿ ಮುಳುಗಿರಬೇಕು, ಅಡಿಯಿಂದ ಹೀರಿಕೊಳ್ಳುತ್ತಿರುತ್ತದೆ. ಆದರೆ ಮೇಲ್ಭಾಗದವರೆಗೆ ಏರುವುದಿಲ್ಲ. ಶುರುವಿನಲ್ಲಿ ಕ್ಯಾನು ಕಾದಿರುವುದರಿಂದ ಗೋಣಿ ಅರ್ಧ ಗಂಟೆಯಲ್ಲೇ ಒಣಗಿ ಬಿಳಿಚಿಕೊಳ್ಳುತ್ತದೆ, ಕೈಯಿಟ್ಟರೆ ಬೆಚ್ಚಗಿನ ಮಣ್ಣಿನ ವಾಸನೆಯ ಹಬೆ. ಹೀಗಾಗಿ 9:30ಕ್ಕೊಮ್ಮೆ, 10ಕ್ಕೊಮ್ಮೆ, ಮಲಗುವ ಮುಂಚೆ 11ಕ್ಕೊಮ್ಮೆ ತಂಬಿಗೆಯಲ್ಲಿ ನೀರು ಹನಿಸುತ್ತೇನೆ. ನೀರಿನ ಖರ್ಚು ಕಡಿಮೆ. 1 ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೌಲ್ ಶಾಖ ಒಯ್ಯುತ್ತದೆ. 12 ಲೀಟರಿನ ಬಿಸಿಯನ್ನು 48 ಡಿಗ್ರಿಯಷ್ಟು ಇಳಿಸಲು ಅಷ್ಟು ಸಾಕು. ಮಣ್ಣಿನ ಹರವಿ ನೀರನ್ನು ತಂಪು ಮಾಡುವುದೂ ಇದೇ ದಾರಿಯಲ್ಲಿ.

ಅದೇ ಏಪ್ರಿಲಿನಲ್ಲಿ, ಇಟ್ಟಿಗೆ ಮೇಲಿಟ್ಟ ಮೊದಲ ರಾತ್ರಿ ಕಳೆದು ಬೆಳಿಗ್ಗೆ ಅಳೆದರೆ 25 ಡಿಗ್ರಿ. ಅಡಿಗೆಮನೆಯ 41ಕ್ಕೂ ಇದಕ್ಕೂ 16 ಡಿಗ್ರಿ ಅಂತರ!

ಮುಚ್ಚಳ ಎತ್ತುವಾಗ ಗಟ್ಟಿ ಹಿಡಿದಿತ್ತು. ಚಮಚದ ಹಿಡಿಯಿಂದ ಅಂಚು ಮೀಟಿದರೆ ‘ಸ್ಸ್’ ಅಂತ ಗಾಳಿಯನ್ನು ಒಳಗೆ ಎಳೆದುಕೊಂಡಿತು. ಆ ಸದ್ದು ನನಗೆ ಬೇಕು. ಸದ್ದು ಬಂತೆಂದರೆ ರಾತ್ರಿಯೆಲ್ಲ ಮುಚ್ಚಳ ಬಿಗಿಯಾಗಿಯೇ ಇತ್ತು ಅಂತ ಅರ್ಥ. ಒಂದು ಸಲ ಬರಲಿಲ್ಲ. ಗ್ಯಾಸ್ಕೆಟ್ ಸೀಳಿತ್ತು. ಆ ಚಹಾವನ್ನು ಮತ್ತೆ ಕುದಿಸಿ ಮೊದಲಿನಿಂದ ಶುರು ಮಾಡಿದೆ. ಸ್ವಲ್ಪ ಒಗರಾಯಿತು, ಆದರೆ ಬೂಷ್ಟು ಬರಲಿಲ್ಲ.

ಚಹಾ ಗಾಜಿನ ಜಾಡಿಗೆ ಹೋದ ಕೂಡಲೇ ಹುಳಿನೀರು ಸೇರಿಸುತ್ತೇನೆ, ತಡ ಮಾಡುವುದಿಲ್ಲ. ಹುಳಿ ಅಳೆಯುವ ಪಿಎಚ್ ಪಟ್ಟಿಯಲ್ಲಿ 4.5ಕ್ಕಿಂತ ಕೆಳಗೆ ತೋರಿಸಬೇಕು, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬೇಡದ ಜೀವಿಗಳನ್ನು ದೂರ ಇಡುವುದು ಆ ಹುಳಿಯೇ, ಜಿಪುಣತನ ಮಾಡಬಾರದು.

ಗೆಳತಿಯೊಬ್ಬರು ದಾವಣಗೆರೆಯಲ್ಲಿ ಬೇರೆ ಥರ ಮಾಡುತ್ತಾರೆ. 2 ಲೀಟರಿನಲ್ಲಿ ಎಲ್ಲ ಸಕ್ಕರೆ, ಚಹಾ ಹಾಕಿ ಗಟ್ಟಿ ಡಿಕಾಕ್ಷನ್ ತೆಗೆದು, ಹಿಂದಿನ ದಿನ ಕುದಿಸಿ ಹರವಿಯಲ್ಲಿ ತಂಪು ಮಾಡಿದ 10 ಲೀಟರ್ ನೀರು ಬೆರೆಸುವುದು. ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಹರವಿಯ ರಂಧ್ರಗಳಲ್ಲಿ ಏನು ಕೂತಿದೆಯೋ, ನನಗೆ ಧೈರ್ಯ ಸಾಲದು.

ಮಳೆಗಾಲದಲ್ಲಿ ಗಾಳಿ ಜೋರು, ತೇವವೂ ಹೆಚ್ಚು. ಗೋಣಿ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಹೊರಗೇ ತಂಪಿರುವುದರಿಂದ ಅಗತ್ಯವೂ ಬೀಳುವುದಿಲ್ಲ. ಡಿಸೆಂಬರಿನಲ್ಲಿ ಗೋಣಿಯೇ ಬೇಡ, ಸುತ್ತಿದರೆ ತೀರಾ ತಣ್ಣಗಾಗಿ ಹುಳಿ ಬರಲು ಎರಡು ವಾರ ಹಿಡಿಯುತ್ತದೆ.

ಬೆಳಕು ಹರಿಯುವ ಮುಂಚೆ ಕ್ಯಾನು ಒಳಗೆ ಬರಬೇಕು, ಕೋಟೆ ಕಡೆಯ ಕೋತಿಗಳು ಅಷ್ಟೊತ್ತಿಗೆ ಮಹಡಿಗೆ ಇಳಿಯುತ್ತವೆ. ಗೋಣಿಯನ್ನು ಅದೇ ದಿನ ಬಿಸಿನೀರಲ್ಲಿ ಅದ್ದಿ ಹಿಂಡಿ ಸುಡುಬಿಸಿಲಿಗೆ ಹರವುತ್ತೇನೆ. ಒದ್ದೆಯಾಗಿ ಮಡಚಿಟ್ಟರೆ ಎರಡೇ ದಿನಕ್ಕೆ ಮುಗ್ಗಲು ಹಿಡಿಯುತ್ತದೆ, ಆ ಗೋಣಿಯನ್ನು ಮತ್ತೆ ಕ್ಯಾನಿನ ಹತ್ತಿರ ತರುವಂತಿಲ್ಲ.