ಮೇಲ್ ಬಂತು, ಬೀಗದ ಕೈ ಬರಲಿಲ್ಲ

ಬೆಳಗ್ಗೆ ಒಂಬತ್ತಕ್ಕೆ ಆಫೀಸಿನ ಬಾಗಿಲು ತೆಗೆದರೆ ಕಾರಿಡಾರಿನಲ್ಲಿ ಹನ್ನೊಂದು ಜನ ನಿಂತಿದ್ದರು. ಪಿಟಿ ಮುಗಿಸಿ, ಸ್ನಾನ ಮಾಡಿ, ಯೂನಿಫಾರಂ ಹಾಕಿಕೊಂಡು ಬಂದವರು. ಎಲ್ಲರ ಕೈಯಲ್ಲೂ ಕ್ಯಾಕ್ ಅನ್ನುವ ಗುರುತಿನ ಕಾರ್ಡ್. ಎಲ್ಲರದ್ದೂ ಒಂದೇ ದೂರು: "ನನ್ನ ಹಳೇ ಮೇಲ್ ಕಾಣುತ್ತಿದೆ, ಆದರೆ ತೆರೆಯುತ್ತಿಲ್ಲ." ತಪ್ಪು ಯಾರದ್ದು ಅಂತ ನನಗೆ ಆಗಲೇ ಗೊತ್ತಾಗಿತ್ತು. ನನ್ನದೇ.

ಇದು 2012ರ ಮಾತು. ಅಮೆರಿಕದ ಸೇನೆಯ ಒಂದು ನೆಲೆಯಲ್ಲಿ, ಒಂದು ಬ್ರಿಗೇಡಿನ ಕಂಪ್ಯೂಟರ್ ವಿಭಾಗದಲ್ಲಿ ನಾನು ಕಾಂಟ್ರಾಕ್ಟರ್. ಹಾಸನದ ಹುಡುಗ ಅಲ್ಲಿಗೆ ಹೇಗೆ ಸೇರಿದ ಅನ್ನುವುದು ಬೇರೆ ಕತೆ. ಸಿಟಿಜನ್‌ಶಿಪ್ ಸಿಕ್ಕ ಮೇಲೆ ಸಿಕ್ಕ ಕೆಲಸ ಅಂದರೆ ಸಾಕು. ಅಪ್ಪ ನಮ್ಮ ಸೇನೆಯಲ್ಲಿದ್ದವರು. ಅವರು ಕಾಶ್ಮೀರದಲ್ಲಿರಲಿ, ಪಂಜಾಬಿನಲ್ಲಿರಲಿ, ನಾವು ಕಾಗದದ ಮೇಲೆ ಬರೆಯುತ್ತಿದ್ದದ್ದು ನಂಬರು, ಹೆಸರು, ಯೂನಿಟ್ಟು, ಕೇರ್ ಆಫ್ 56 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ. ಊರಿನ ಹೆಸರೇ ಇಲ್ಲ. ಆದರೂ ಕಾಗದ ತಲುಪುತ್ತಿತ್ತು.

ಅಮೆರಿಕದ ಸೇನೆಯ ಇಮೇಲಿಗೆ ಆ ಗುಣ ಇರಲಿಲ್ಲ. ಒಂದೊಂದು ನೆಲೆಗೂ ಅದರದ್ದೇ ಸರ್ವರ್. ಸೈನಿಕರಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಪ್ರತಿ ಸಲವೂ ಆಫೀಸಿನ ಮೇಲ್ ವಿಳಾಸ ಹೊಸದು, ಮೇಲ್ ಬಾಕ್ಸ್ ಖಾಲಿ. ಇದರ ಜೊತೆಗೆ ಎಲ್ಲರಿಗೂ ಎಕೆಒ, ಅಂದರೆ ಆರ್ಮಿ ನಾಲೆಜ್ ಆನ್‌ಲೈನ್, ಅಂತ ಇನ್ನೊಂದು ಮೇಲ್. 2011ರಿಂದ ಇವೆಲ್ಲವನ್ನೂ ಒಂದೇ ಕಡೆಗೆ ತರಲು ಶುರು ಮಾಡಿದರು. ರಕ್ಷಣಾ ಇಲಾಖೆಯ ಡೀಸಾ ಅನ್ನುವ ಸಂಸ್ಥೆ ನಡೆಸುತ್ತಿದ್ದ ಎಂಟರ್‌ಪ್ರೈಸ್ ಇಮೇಲ್. ವಿಳಾಸದ ಕೊನೆಗೆ ಮೇಲ್ ಡಾಟ್ ಮಿಲ್. ವರ್ಗ ಆದರೂ ವಿಳಾಸ ಬದಲಾಗುತ್ತಿರಲಿಲ್ಲ. ಬೇರೆ ನೆಲೆಯವರನ್ನೂ ಒಂದೇ ವಿಳಾಸ ಪುಸ್ತಕದಲ್ಲಿ ಹುಡುಕಬಹುದಿತ್ತು.

ನಮ್ಮ ಸರದಿ ಬರುವ ಹೊತ್ತಿಗೆ ಕೆಲಸ ನಿಂತಿತು. ಸೇನೆ ಮೊದಲು ಲೆಕ್ಕ ಒಪ್ಪಿಸಲಿ, ಆಮೇಲೆ ದುಡ್ಡು ಅಂತ 2011ರ ಕೊನೆಯಲ್ಲಿ ಅಮೆರಿಕದ ಸಂಸತ್ತು ಕಾನೂನಿನಲ್ಲೇ ಬರೆದುಬಿಟ್ಟಿತು. ಅಷ್ಟರಲ್ಲಿ ಸುಮಾರು 3 ಲಕ್ಷ ಜನ ಹೊಸ ಮೇಲ್‌ಗೆ ಹೋಗಿಯಾಗಿತ್ತು. ಉಳಿದವರು ಇದ್ದಲ್ಲೇ. ಕಾರಿಡಾರಿನಲ್ಲಿ ನಾನು ಅಂಟಿಸಿದ್ದ ಪೋಸ್ಟರುಗಳ ಮೇಲೆ ಯಾರೋ ತಾರೀಖು ಹೊಡೆದುಹಾಕಿ ಮೀಸೆ ಬರೆದಿದ್ದರು. ಕೆಲವು ತಿಂಗಳಾದ ಮೇಲೆ ಮತ್ತೆ ಶುರುವಾಯಿತು.

ಸರ್ವರ್ ಕೆಲಸದ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಅದು ನಮ್ಮ ಕೈಯಲ್ಲಿರಲಿಲ್ಲ. ರಾತ್ರಿ ಮೇಲ್ ಬಾಕ್ಸ್ ಆ ಕಡೆಯಿಂದ ಈ ಕಡೆಗೆ ಹೋಗುತ್ತಿತ್ತು, ಬೆಳಗ್ಗೆ ಔಟ್‌ಲುಕ್‌ನಲ್ಲಿ ಹೊಸ ಪ್ರೊಫೈಲ್ ಮಾಡಬೇಕಿತ್ತು, ಅಷ್ಟೆ. ನಮ್ಮ ಕೆಲಸ ಇದ್ದದ್ದು ಜನರ ಹತ್ತಿರ ಮತ್ತು ಅವರ ಕಾರ್ಡಿನ ಹತ್ತಿರ.

ಕ್ಯಾಕ್ ಕಾರ್ಡ್ ಅಂದರೆ ಚಿಪ್ ಇರುವ ಗುರುತಿನ ಚೀಟಿ. ಗೇಟಿನಲ್ಲಿ ತೋರಿಸುವುದೂ ಅದೇ, ಕಂಪ್ಯೂಟರಿಗೆ ಚುಚ್ಚುವುದೂ ಅದೇ. ಅದರೊಳಗೆ ಸರ್ಟಿಫಿಕೇಟುಗಳಿವೆ, ಅಂದರೆ ಇವರು ಇವರೇ ಅಂತ ಕಂಪ್ಯೂಟರಿಗೆ ಹೇಳುವ ಡಿಜಿಟಲ್ ಗುರುತುಗಳು. ಒಂದು ಮೇಲ್‌ಗೆ ಸಹಿ ಹಾಕಲು, ಇನ್ನೊಂದು ಮೇಲ್‌ಗೆ ಬೀಗ ಹಾಕಲು, ಅಂದರೆ ಎನ್‌ಕ್ರಿಪ್ಟ್ ಮಾಡಲು. ಈ ಎರಡರೊಳಗೂ ಮನುಷ್ಯನ ಮೇಲ್ ವಿಳಾಸ ಕೂತಿರುತ್ತದೆ. ವಿಳಾಸ ಬದಲಾಯಿತು ಅಂದರೆ ಸರ್ಟಿಫಿಕೇಟೂ ಬದಲಾಗಬೇಕು. ಬದಲಾಯಿಸುವುದು ಸುಲಭ, ಕೂತಲ್ಲೇ ಹತ್ತು ನಿಮಿಷ.

ತೊಂದರೆ ಇದ್ದದ್ದು ಅಲ್ಲೇ. ಹೊಸ ಸರ್ಟಿಫಿಕೇಟ್ ಬಂದ ಕೂಡಲೇ ಹಳೆಯ ಬೀಗದ ಕೈ ಕಾರ್ಡಿನಿಂದ ಹೋಗುತ್ತದೆ. ಹಳೇ ಮೇಲ್‌ಗಳಿಗೆ ಹಾಕಿದ ಬೀಗ ಮಾತ್ರ ಹಾಗೇ ಇರುತ್ತದೆ. ಮನೆ ಬಾಗಿಲಿಗೆ ಹೊಸ ಬೀಗ ಹಾಕಿಸಿ, ಅಟ್ಟದ ಟ್ರಂಕಿನ ಕೈಯನ್ನೂ ಅದರ ಜೊತೆ ಎಸೆದ ಹಾಗೆ. ಹಳೆಯ ಕೈಯ ಒಂದು ನಕಲು ಡೀಸಾ ಹತ್ತಿರ ಭದ್ರವಾಗಿರುತ್ತದೆ, ಕೇಳಿ ಪಡೆಯಬಹುದು. ಅದು ನನಗೆ ಗೊತ್ತಿತ್ತು. ನಾನು ಬರೆದು ಹಂಚಿದ ಸೂಚನೆಯಲ್ಲಿ ಅದೂ ಇತ್ತು. ನಾಲ್ಕನೇ ಸಾಲಿನಲ್ಲಿ, "ಅಗತ್ಯವಿದ್ದರೆ" ಅಂತ. ಮೊದಲ ಸಾಲು: "ಕಾರ್ಡ್ ಅಪ್‌ಡೇಟ್ ಮಾಡಿ." ನಾಲ್ಕನೇ ಸಾಲಿನವರೆಗೆ ಯಾರು ಓದುತ್ತಾರೆ ಹೇಳಿ? ನಾನಾದರೂ ಓದುತ್ತಿರಲಿಲ್ಲ.

ಅವತ್ತು ಸಾಲಿನಲ್ಲಿ ಮೊದಲು ನಿಂತಿದ್ದವರು ಒಬ್ಬ ಕ್ಯಾಪ್ಟನ್. ಬೆಟಾಲಿಯನ್ನಿನ ಎಸ್-1, ಅಂದರೆ ಸಿಬ್ಬಂದಿ ಕಾಗದಪತ್ರ ನೋಡುವವರು. ಅವರ ಮೇಲ್‌ಗಳಲ್ಲಿ ಸೈನಿಕರ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರುತ್ತದೆ. ಹಾಗಾಗಿ ಹೆಚ್ಚುಕಡಿಮೆ ಎಲ್ಲಕ್ಕೂ ಬೀಗ. ಎರಡು ವರ್ಷದ ಮೇಲ್ ಕಣ್ಣೆದುರಿಗಿದೆ, ಯಾವುದನ್ನು ಒತ್ತಿದರೂ "ನಿಮ್ಮ ಡಿಜಿಟಲ್ ಐಡಿ ಸಿಗುತ್ತಿಲ್ಲ" ಅನ್ನುತ್ತಿದೆ. ಮಧ್ಯಾಹ್ನದೊಳಗೆ ಒಬ್ಬ ಸಾರ್ಜೆಂಟಿನ ಬಡ್ತಿಯ ಕಾಗದ ಕಳಿಸಬೇಕಿತ್ತು. ಅದು ಆ ರಾಶಿಯಲ್ಲೇ ಎಲ್ಲೋ ಇತ್ತು.

"ಮೇಡಂ, ಮೇಲ್ ಎಲ್ಲೂ ಹೋಗಿಲ್ಲ" ಅಂದೆ.

"ಇದ್ದೂ ಏನು ಪ್ರಯೋಜನ?" ಅಂದರು. ನ್ಯಾಯವಾದ ಮಾತು.

ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಕೈ ವಾಪಸ್ ಕೊಡುವ ಪುಟ ತೆಗೆದರೆ ಹಳೆಯ ಕೈಗಳ ಪಟ್ಟಿ ಬರುತ್ತದೆ. ಅವರಿಗೆ ಮೂರಿದ್ದವು. ಕಾರ್ಡ್ ಹೊಸದು ಮಾಡಿಸಿದಾಗಲೆಲ್ಲ ಒಂದೊಂದು ಸೇರಿಕೊಂಡಿರುತ್ತದೆ. ಪಟ್ಟಿಯಲ್ಲಿ ಉದ್ದುದ್ದ ಸೀರಿಯಲ್ ನಂಬರು. ಯಾವುದು ಯಾವ ಮೇಲಿಗೆ ಅಂತ ನೋಡಿ ಹೇಳಲು ಆಗುವುದಿಲ್ಲ, ಮೂರನ್ನೂ ತರಬೇಕು. ಒಂದನ್ನು ಕೇಳಿದರೆ ಫೈಲು ಕೊಡುತ್ತದೆ, ಜೊತೆಗೆ ಉದ್ದನೆಯ ಪಾಸ್‌ವರ್ಡ್ ತೋರಿಸುತ್ತದೆ. ಪುಟ ಮುಚ್ಚಿದರೆ ಪಾಸ್‌ವರ್ಡ್ ಹೋಯಿತು, ಮತ್ತೆ ಮೊದಲಿಂದ. ನನ್ನ ಗಡಿಬಿಡಿಯಲ್ಲಿ ಎರಡನೆಯದಕ್ಕೆ ಹಾಗೇ ಆಯಿತು. ಕ್ಯಾಪ್ಟನ್ ಏನೂ ಹೇಳಲಿಲ್ಲ. ಗಡಿಯಾರ ನೋಡಿದರು, ಅಷ್ಟೆ. ಮೂರನೆಯ ಕೈ ಹಾಕಿದ ಮೇಲೆ ಬಡ್ತಿಯ ಕಾಗದ ತೆರೆಯಿತು. ಪಾಸ್‌ವರ್ಡ್ ಬರೆದ ಚೀಟಿಯನ್ನು ಶ್ರೆಡರಿಗೆ ಹಾಕಿ, ಡೆಸ್ಕ್‌ಟಾಪ್ ಮೇಲಿದ್ದ ಫೈಲುಗಳನ್ನು ಅಳಿಸಿದೆ. ಇದನ್ನು ಮರೆಯಬಾರದು. ಎಲ್ಲ ಬೀಗಕ್ಕೂ ಕೈ ಅದೇ ಅಲ್ವಾ.

ಉಳಿದ ಹತ್ತು ಜನರನ್ನು ಮುಗಿಸುವಾಗ ಸಂಜೆಯಾಗಿತ್ತು. ಆ ರಾತ್ರಿಯೇ ಸೂಚನೆಯನ್ನು ಹೊಸದಾಗಿ ಬರೆದೆ. ಹಳದಿ ಹಾಳೆ, ದಪ್ಪ ಅಕ್ಷರ, ಬರೀ ಒಂದು ಸಾಲು: "ಮೊದಲು ಹಳೇ ಕೈ ತೆಗೆದಿಟ್ಟುಕೊಳ್ಳಿ. ಆಮೇಲೆ ನಮ್ಮ ಹತ್ತಿರ ಬನ್ನಿ." ಎರಡನೇ ಸಾಲನ್ನು ಬೇಕಂತಲೇ ಬರೆಯಲಿಲ್ಲ. ಮುಂದಿನದನ್ನು ಎದುರಿಗೆ ಕೂರಿಸಿಕೊಂಡೇ ಮಾಡಿಸಿದೆವು. ಮುಂದಿನ ಬೆಟಾಲಿಯನ್ನಿನ ಸರದಿಯಂದು ಬಾಗಿಲಲ್ಲಿ ಇಬ್ಬರೇ ಇದ್ದರು. ಅದರಲ್ಲೊಬ್ಬರು ಬೇರೆ ಆಫೀಸು ಹುಡುಕುತ್ತಿದ್ದರು.

ಸಣ್ಣ ತರಲೆಗಳಿಗೆ ಲೆಕ್ಕವಿಲ್ಲ. ಔಟ್‌ಲುಕ್‌ನಲ್ಲಿ ಎರಡಕ್ಷರ ಒತ್ತಿದರೆ ಹೆಸರು ತಾನಾಗಿ ಬರುತ್ತದಲ್ಲ, ಅದು ನೆನಪಿಟ್ಟುಕೊಂಡಿರುವುದು ಹಳೆಯ ಸರ್ವರಿನ ಒಳಹೆಸರು. ಹೊಸ ಮೇಲ್‌ನಿಂದ ಅದಕ್ಕೆ ಕಳಿಸಿದರೆ ತಿರುಗಿ ಬರುತ್ತದೆ. ಆ ಪಟ್ಟಿ ಅಳಿಸಿದಾಗ ಜನರಿಗಾದ ದುಃಖ ಹೇಳತೀರದು. ಹತ್ತು ವರ್ಷದಿಂದ ಮೇಲ್ ಮಾಡುತ್ತಿದ್ದವರ ವಿಳಾಸ ಒಬ್ಬರಿಗೂ ಬಾಯಿಗೆ ಬರುತ್ತಿರಲಿಲ್ಲ. ಬ್ಲ್ಯಾಕ್‌ಬೆರಿ ಇದ್ದವರ ಫೋನು ಪೂರ್ತಿ ಅಳಿಸಿ ಮತ್ತೆ ಜೋಡಿಸಬೇಕಿತ್ತು. ವೆಬ್‌ನಲ್ಲಿ ಮೇಲ್ ತೆಗೆಯುವಾಗ ಸರ್ಟಿಫಿಕೇಟುಗಳ ಪಟ್ಟಿ ತೋರಿಸಿ ಯಾವುದು ಅಂತ ಕೇಳುತ್ತಿತ್ತು. ಇಮೇಲ್ ಅಂತ ಬರೆದಿರುವುದನ್ನು ಒತ್ತಬೇಕಿತ್ತು. ಎಲ್ಲರೂ ಇನ್ನೊಂದನ್ನೇ ಒತ್ತುತ್ತಿದ್ದರು.

ಒಬ್ಬ ಸಾರ್ಜೆಂಟ್ ಮೇಜರ್ ಪಿನ್ ಮೂರು ಸಲ ತಪ್ಪು ಒತ್ತಿ ಕಾರ್ಡ್ ಲಾಕ್ ಮಾಡಿಕೊಂಡರು. "ಸರ್, ಇದನ್ನು ಐಡಿ ಕಾರ್ಡ್ ಆಫೀಸಿನಲ್ಲೇ ತೆಗೆಸಬೇಕು" ಅಂದೆ. "ನನ್ನನ್ನು ಸರ್ ಅನ್ನಬೇಡ, ನಾನು ದುಡಿದು ತಿನ್ನುವವನು" ಅಂದರು. ಆಫೀಸರ್ ಅಲ್ಲದವರನ್ನು ಅಲ್ಲಿ ಸರ್ ಅನ್ನುವಂತಿಲ್ಲ. ಅಷ್ಟು ವರ್ಷ ಇದ್ದರೂ ನನ್ನ ಬಾಯಿ ತಪ್ಪುತ್ತಲೇ ಇತ್ತು.

ವಿಳಾಸದಲ್ಲಿ ಮೊದಲ ಹೆಸರು, ನಡುವಿನ ಇನಿಷಿಯಲ್, ಮನೆತನದ ಹೆಸರು, ಕೊನೆಗೆ ಸೈನಿಕನೋ ಸಿವಿಲಿಯನ್ನೋ ಕಾಂಟ್ರಾಕ್ಟರೋ ಅಂತ ಮೂರಕ್ಷರ. ಒಂದೇ ಹೆಸರಿನವರು ಇಬ್ಬರಿದ್ದರೆ ನಂಬರು ಹಾಕುತ್ತಿದ್ದರು. ಜಾನ್ ಸ್ಮಿತ್‌ಗಳ ಪಾಡು ಕೇಳಬೇಡಿ. ನಮ್ಮೂರಿನ ಮಂಜುನಾಥರನ್ನೆಲ್ಲ ಈ ವ್ಯವಸ್ಥೆಗೆ ತಂದಿದ್ದರೆ ಏನಾಗುತ್ತಿತ್ತೋ.

ವಿಳಾಸ ಪುಸ್ತಕದಲ್ಲಿ ಹೆಸರಿನ ಜೊತೆ ರ‍್ಯಾಂಕೂ ಕಾಣುತ್ತಿತ್ತು. ಅದು ನಮ್ಮ ಕಂಪ್ಯೂಟರಿನಿಂದಲ್ಲ, ಸಿಬ್ಬಂದಿ ದಾಖಲೆಯಿಂದ ಬರುತ್ತಿತ್ತು. ಹೊಸದಾಗಿ ಮೇಜರ್ ಆದ ಒಬ್ಬರನ್ನು ಅದು ಇನ್ನೂ ಕ್ಯಾಪ್ಟನ್ ಅಂತಲೇ ತೋರಿಸುತ್ತಿತ್ತು. ಮೇಲ್ ಎರಡು ದಿನ ಬರದಿದ್ದಾಗ ಸುಮ್ನೆ ಇದ್ದ ಮನುಷ್ಯ, ಇದಕ್ಕೆ ದಿನಕ್ಕೆರಡು ಸಲ ಫೋನ್ ಮಾಡಿದರು. ನಾನು ನಗಲಿಲ್ಲ. ಭುಜದ ಮೇಲೆ ಬಂದದ್ದು ಪರದೆಯ ಮೇಲೆ ಬರದಿದ್ದರೆ ಯಾರಿಗಾದರೂ ಇರುಸುಮುರುಸೇ. ಅಪ್ಪನೂ ಹವಾಲ್ದಾರ್ ಆದ ವರ್ಷ ನಾಯಕ್ ಅಂತ ಬರೆದು ಬಂದ ಕಾಗದಕ್ಕೆ ಸಿಡಿಮಿಡಿ ಮಾಡಿದ್ದರಂತೆ.

ಇಡೀ ಸೇನೆಯಲ್ಲಿ 14 ಲಕ್ಷಕ್ಕೂ ಹೆಚ್ಚು ಜನರನ್ನು ಹೊಸ ಮೇಲ್‌ಗೆ ತಂದು ಮುಗಿಸಿದ್ದು 2013ರ ಜುಲೈ ಹೊತ್ತಿಗೆ. ನಮ್ಮ ಬ್ರಿಗೇಡ್ ಅದಕ್ಕಿಂತ ಮೊದಲೇ ಮುಗಿದಿತ್ತು. ಆದರೆ ಕಾರ್ಡ್ ಅಪ್‌ಡೇಟ್ ಮಾಡಿಸದ 9 ಜನರ ಪಟ್ಟಿ ನನ್ನ ಡ್ರಾಯರಿನಲ್ಲಿ ಉಳಿದಿತ್ತು. ಕೆಲವರು ತರಬೇತಿಗೆ ಹೋಗಿದ್ದರು, ಒಬ್ಬರು ಹೆರಿಗೆ ರಜೆ, ಇಬ್ಬರು ಎಲ್ಲಿದ್ದಾರೆ ಅಂತ ಅವರ ತುಕಡಿಗೇ ಖಾತ್ರಿ ಇರಲಿಲ್ಲ. ವಾರಕ್ಕೊಬ್ಬರಂತೆ ಬಂದರು. ಕೊನೆಯ ಹೆಸರು ಸ್ಪೆಷಲಿಸ್ಟ್ ರ‍್ಯಾಂಕಿನ ಒಬ್ಬ ಸೈನಿಕನದು, ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಊರಿಗೆ ಹೋಗಿದ್ದವನು. ಊರುಗೋಲು ಬಾಗಿಲಿಗೆ ಒರಗಿಸಿ ಕೂತು, ಕಾರ್ಡ್ ಕೊಟ್ಟ. ಹಳದಿ ಹಾಳೆ ಮುಂದಿಟ್ಟೆ. ಒಂದು ನಿಮಿಷ ನೋಡಿದ.

"ನಮ್ಮ ಮೇಲ್ ಬದಲಾಯ್ತಾ?" ಅಂದ. "ಯಾವಾಗ?"