ನೀಲಿ ಬಿಟ್ಟು ಹಳದಿ: ದೋಣಿಗೆ ಬಣ್ಣ ಆರಿಸಿದ ನನ್ನ ಅನುಭವ

ನಮ್ಮ ಇಪ್ಪತ್ತೆಂಟು ಅಡಿಯ ಫೈಬರ್ ದೋಣಿಗೆ ಹಳದಿ ಬಳಿಯುತ್ತೇನೆ ಎಂದಾಗ ಕಾರವಾರದ ನಮ್ಮ ಕೋಡಿಬಾಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ದೋಣಿಗೆ ನೀಲಿಯೇ ಲಕ್ಷಣ. ಹಳದಿ ಎರಡು ತಿಂಗಳಲ್ಲಿ ಮಾಸಿ ಹೋಗುತ್ತದೆ, ದುಡ್ಡು ನೀರಿಗೆ ಹಾಕಬೇಡ" ಎಂದರು ಚಿಕ್ಕಪ್ಪ. ಮೊದಲ ಸಲ ನನ್ನ ತಪ್ಪಿನಿಂದ ಕೆಟ್ಟಿತು ನಿಜ, ಆದರೆ ಮತ್ತೆ ಬಳಿದ ಮೇಲೆ ಎರಡು ಮಳೆಗಾಲ ಕಳೆದವು. ಬಣ್ಣ ಹಾಗೆಯೇ ನಿಂತಿದೆ.

ನೀಲಿಯ ಮೇಲೆ ನನಗೆ ಬೇಸರ ಬಂದದ್ದು ಒಂದು ಆಗಸ್ಟ್ ಬೆಳಿಗ್ಗೆ. ಕೂರ್ಮಗಡ ದ್ವೀಪದ ಆಚೆ ಭಾವನ ದೋಣಿಯ ಎಂಜಿನ್ ಕೆಟ್ಟು ನಿಂತಿತ್ತು. ಜಿಟಿಜಿಟಿ ಮಳೆ, ಬೂದು ನೀರು. ಹುಡುಕಲು ಹೋದ ನಾವು ಆ ನೀಲಿ ದೋಣಿಯ ಪಕ್ಕದಲ್ಲೇ, ಮುನ್ನೂರು ಮೀಟರ್ ಅಂತರದಲ್ಲಿ, ಎರಡು ಸಲ ದಾಟಿ ಹೋಗಿದ್ದೆವು. ಕೊನೆಗೆ ಸಿಕ್ಕಿದ್ದು ಅವರು ಡಬ್ಬ ಬಡಿದ ಸದ್ದಿನಿಂದ.

ಅಂದೇ ಪರೀಕ್ಷೆ ಮಾಡಿಯೇ ಬಣ್ಣ ಆರಿಸಬೇಕೆಂದು ನಿರ್ಧರಿಸಿದೆ. ದೋಣಿ ಕಟ್ಟುವಲ್ಲಿ ಬಿದ್ದಿದ್ದ ಫೈಬರ್ ತುಂಡುಗಳನ್ನು ತಂದು ನೀಲಿ, ಬಿಳಿ, ಕೆಂಪು, ಕಿತ್ತಳೆ, ಹಳದಿ ಬಳಿದೆ. ಮಗ ಅವನ್ನು ಹಿಡಿದು ಒಂದು ದೋಣಿಯಲ್ಲಿ ನಿಂತ, ನಾನು ಇನ್ನೊಂದರಲ್ಲಿ ದೂರ ಸರಿಯುತ್ತಾ ಹೋದೆ. ಅಂತರ ನೋಡಿದ್ದು ಮೊಬೈಲಿನ ಜಿಪಿಎಸ್‌ನಲ್ಲಿ. ನೀಲಿ ಸುಮಾರು ನಾನೂರು ಮೀಟರಿಗೇ ಕರಗಿತು. ಬಿಳಿ ದೂರದವರೆಗೆ ಕಂಡರೂ ಗಾಳಿ ಎದ್ದಾಗ ನೊರೆ ಯಾವುದು, ಹಲಗೆ ಯಾವುದು ಎಂದು ತಿಳಿಯಲಿಲ್ಲ. ಕೆಂಪು ಹಗಲಿನಲ್ಲಿ ಚೆನ್ನ, ಮುಸ್ಸಂಜೆಯಲ್ಲಿ ಕಪ್ಪು. ಹಳದಿ, ಕಿತ್ತಳೆ ಎರಡೂ ಒಂದು ಕಿಲೋಮೀಟರ್ ದಾಟಿದವು. ಮೋಡ ಕವಿದ ಸಂಜೆಯಲ್ಲಿ ಹಳದಿ ಒಂದು ಕೈ ಮೇಲು.

ಅದೇ ತುಂಡುಗಳನ್ನು ಮನೆಯ ಹಂಚಿನ ಮೇಲೆ ಹತ್ತು ತಿಂಗಳು ಬಿಸಿಲಿಗೆ ಬಿಟ್ಟೆ. ಕೆಂಪು ಗುಲಾಬಿಯಾಯಿತು. ನೀಲಿಯ ಮೇಲೆ ಬೆರಳೆಳೆದರೆ ಸೀಮೆಸುಣ್ಣದಂಥ ಪುಡಿ. ಹಳದಿ ತುಸು ಮಂಕಾಯಿತು, ಅಷ್ಟೇ.

ಇನ್ನೊಂದು ಲೆಕ್ಕವೂ ಇದೆ. ನಮ್ಮ ದೋಣಿ ಕಾಳಿ ನದಿಯ ಬಾಯಿಯಲ್ಲಿ ಲಂಗರಿನಲ್ಲೇ ಇರುವುದರಿಂದ ಬುಡಕ್ಕೆ ಚಿಪ್ಪು ಹಿಡಿಯದ ಬಣ್ಣ ಬೇಕೇ ಬೇಕು. ಅದರಲ್ಲಿರುವ ತಾಮ್ರದ ಆಕ್ಸೈಡೇ ಕೆಂಪು, ಹಾಗಾಗಿ ನನಗೆ ಸಿಕ್ಕಿದ್ದು ಇಟ್ಟಿಗೆ ಕೆಂಪು. ಅದಕ್ಕೆ ಹೊಂದುವ ಬಣ್ಣ ಮೇಲೆ ಬರಬೇಕು. ಹಳದಿ ಹೊಂದುತ್ತದೆ, ಕಿತ್ತಳೆ ಹೊಂದುವುದಿಲ್ಲ. ಇದು ನನ್ನ ಕಣ್ಣಿನ ತೀರ್ಪು.

ಇನ್ನು ಕೆಟ್ಟ ಕೆಲಸದ ಕಥೆ. ಮೊದಲ ವರ್ಷ ಮೀನುಗಾರಿಕೆ ನಿಷೇಧದ ಜೂನ್‌ನಲ್ಲಿ ಪುರುಸೊತ್ತು ಇದೆಯೆಂದು ತಾಡಪಾಲಿನ ಅಡಿಯಲ್ಲಿ ಬಳಿದೆ. ತೇವಕ್ಕೆ ಹೊಳಪು ಹೋಯಿತು, ಆಗಸ್ಟ್ ಹೊತ್ತಿಗೆ ಮೈತುಂಬ ಗುಳ್ಳೆ. ಬಣ್ಣಕ್ಕೆ ಮುಂಚೆ ಹಾಕುವ ಬೂದು ಪ್ರೈಮರ್ ಮೇಲೆ ನೇರವಾಗಿ ಹೊಡೆದದ್ದು ಅದಕ್ಕಿಂತ ದೊಡ್ಡ ತಪ್ಪು. ಮೂರು ಕೋಟ್ ಹಾಕಿದರೂ ಹಳದಿ ಅಡಿಯ ಬೂದನ್ನು ಮುಚ್ಚದೆ ಕಾಯಿ ಮಾವಿನಂತೆ ಹಸಿರು ಹೊಡೆಯಿತು. ಬಣ್ಣ, ಥಿನ್ನರ್, ಉಜ್ಜಿಸಿದ ಕೂಲಿ ಸೇರಿ ಎಂಟೊಂಬತ್ತು ಸಾವಿರ ಹೋಯಿತು.

ಮರುವರ್ಷ ಏಪ್ರಿಲ್ ಕೊನೆಯಲ್ಲಿ ಐದು ದಿನದ ಮೀನು ಬಿಟ್ಟು ದೋಣಿ ಮೇಲೆಳೆದೆ. ಆ ನಷ್ಟವೇ ದೊಡ್ಡದು, ಆದರೂ ಬೇರೆ ದಾರಿ ಇಲ್ಲ. ಪ್ರೈಮರ್ ಮೇಲೆ ಬಿಳಿ ಕೋಟ್, ಅದರ ಮೇಲೆ ಎರಡು ಕೋಟ್ ಹಳದಿ. ಹಳದಿ ಮೂರು ಲೀಟರ್ ಸಾಕಾಯಿತು. ಕೆಲಸವೆಲ್ಲ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಉಪ್ಪುಗಾಳಿ ಏಳುವ ಮೊದಲು. ಬಿಳಿ ಬಣ್ಣಕ್ಕೆ ನಾನು ಇನ್ನೊಂದನ್ನು ಸ್ವಲ್ಪ ಬೆರೆಸುತ್ತೇನೆ. ಹಳದಿಗೆ ತುಂಬು ಕಳೆ ಬರುವುದು ಅದರಿಂದಲೇ. ಯಾವುದು, ಎಷ್ಟು ಎಂಬುದು ನನ್ನ ಬಳಿಯೇ ಇರಲಿ.

ಅಪ್ಪನ ಹಳೆಯ ಮರದ ದೋಣಿಯ ಮೇಲೂ ಪ್ರಯೋಗ ಮಾಡಿದೆ. ಗೇರು ಸಿಪ್ಪೆಯ ಎಣ್ಣೆ ಕುಡಿದ ಹಲಗೆಗೆ ಅದೇ ಹಳದಿ ಎನಾಮಲ್ ಬಣ್ಣ ಬಳಿದರೆ ಹದಿನೈದು ದಿನವಾದರೂ ಒಣಗಲಿಲ್ಲ, ಕೈಗೆ ಅಂಟುತ್ತಿತ್ತು. ಕೆರೆದು ತೆಗೆದು ಮತ್ತೆ ಎಣ್ಣೆಯನ್ನೇ ಸವರಿದೆ. ಐಸ್ ಪೆಟ್ಟಿಗೆಯ ಕಡುನೀಲಿ ಮುಚ್ಚಳಕ್ಕೆ ಬಿಳಿ ಹೊಡೆದದ್ದು ಮಾತ್ರ ಗೆದ್ದಿತು. ಮಧ್ಯಾಹ್ನ ಮೊದಲು ಕೈಯಿಡಲಾಗದಷ್ಟು ಕಾಯುತ್ತಿತ್ತು, ಈಗ ಅದರ ಮೇಲೆ ಕುಳಿತು ಊಟ ಮಾಡುತ್ತೇವೆ.

ಹಳದಿಯ ಮೇಲೆ ಕಪ್ಪಿನಲ್ಲಿ ಬರೆದ ನೋಂದಣಿ ಸಂಖ್ಯೆಯನ್ನು ದಡದಿಂದಲೇ ಓದಬಹುದು. ಭಾವ ಈ ಸಲ ಮೂರು ಲೀಟರ್ ಹಳದಿ ತಂದಿಟ್ಟಿದ್ದಾರೆ. ಬಿಳಿ ಕೋಟ್ ಮಾತ್ರ ನಾನೇ ಬಂದು ಹೊಡೆಯಬೇಕೆಂದು ಹೇಳಿ ಕಳುಹಿಸಿದ್ದಾರೆ.