ಬಸ್ಸಿನ 'ಸ್ಸು' ಎಲ್ಲೋಯ್ತು, ಮಿಸ್?

ಮಂಡ್ಯ ಕಡೆಯ ಹಳ್ಳಿ ಶಾಲೆಯಲ್ಲಿ ನಾನು ನಲಿ-ಕಲಿ ಟೀಚರ್, ಅಂದರೆ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯವಳು. ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೇ ಕೂರುತ್ತಾರೆ. ಇಂಗ್ಲಿಷ್ ಓದಿಸೋದಕ್ಕೆ ಮೊದಲ ಮೂರು ವರ್ಷ ನಾನೂ ಎಲ್ಲರ ಹಾಗೆ 'ಎ ಫಾರ್ ಆ್ಯಪಲ್' ಹೇಳಿಸಿದೆ. ಮಕ್ಕಳು ಇಪ್ಪತ್ತಾರನ್ನೂ ಒಂದೇ ಉಸಿರಿಗೆ ಒಪ್ಪಿಸೋರು. ಇಂಗ್ಲಿಷಿನಲ್ಲಿ 'ಪಿನ್' ಅಂತ ಬೋರ್ಡಿನ ಮೇಲೆ ಬರೆದು ಓದಿ ಅಂದರೆ, 'ಪಿ, ಐ, ಎನ್' ಅಂದು ನನ್ನ ಮುಖ ನೋಡೋರು. ಅಕ್ಷರದ ಹೆಸರು ಗೊತ್ತು, ಸದ್ದು ಗೊತ್ತಿಲ್ಲ.

ಆಮೇಲೆ ಹಿಡಿದದ್ದು ಜಾಲಿ ಫೋನಿಕ್ಸ್ ಕ್ರಮ, ಅಂದರೆ ಅಕ್ಷರದ ಹೆಸರಿಗಿಂತ ಮೊದಲು ಅದರ ಸದ್ದು ಕಲಿಸೋದು. ಅದರಲ್ಲಿ ಒಟ್ಟು 42 ಸದ್ದು. ಮೊದಲ ಗುಂಪು ಎಸ್, ಎ, ಟಿ, ಐ, ಪಿ, ಎನ್. ಎ ಬಿ ಸಿ ಡಿ ಸಾಲು ಬಿಟ್ಟು ಇದೇನು ಅಂತ ಹೆಡ್ ಮಾಸ್ಟ್ರು ಕೇಳಿದರು. ನನಗೆ ಮಾತ್ರ ಅದು ಹೊಸದು ಅನ್ನಿಸಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯೂ ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಇಂದಲೇ ತಾನೆ ಹೊರಡೋದು? ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಲ್ಲ ಓದಿಬಿಡಬಹುದು. ಆ ಆರು ಇಂಗ್ಲಿಷ್ ಅಕ್ಷರದ ಗುಟ್ಟೂ ಅದೇ.

ತಪ್ಪು ಮಾಡಿದ್ದು ಇನ್ನೊಂದು ಕಡೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಬಾಯಿಗೆ ಬರಬಾರದು ಅಂತ ನಾನೇ ವ್ರತ ತೊಟ್ಟೆ. ತಿಂಗಳಾದರೂ 'ಪಿನ್' ಕೂಡಲಿಲ್ಲ. ಮಕ್ಕಳು 'ಪ... ಇ... ನ' ಅಂದು, ಕೂಡಿಸಿ ಅಂದರೆ 'ಪಇನ' ಅನ್ನೋರು. ಅವರ ತಪ್ಪೇನಿಲ್ಲ. ಕನ್ನಡದ 'ಪ'ದೊಳಗೆ 'ಅ' ಕೂತೇ ಇರುತ್ತದೆ, ಅದನ್ನು ಕಳಚಿ ಬರೀ 'ಪ್' ಅನ್ನೋ ಅಭ್ಯಾಸ ಅವರಿಗಿಲ್ಲ.

ಒಂದು ದಿನ ವ್ರತ ಮುರಿದು ಕಾಗುಣಿತ ತಂದೆ. 'ಪ'ಕ್ಕೆ ಗುಡಿಸು ಕೊಟ್ಟರೆ? 'ಪಿ!' ಅಂತ ಇಡೀ ಕ್ಲಾಸು ಕೂಗಿತು. ಇಂಗ್ಲಿಷಿನ ಪಿ, ಐ ಎರಡು ಮಿಂಚುಪಟ್ಟಿಗಳನ್ನು (ಫ್ಲ್ಯಾಶ್ ಕಾರ್ಡ್) ಅಂಟಿಸಿ ಹಿಡಿದು, ಇದೂ ಅದೇ 'ಪಿ' ಅಂದೆ. ಪಕ್ಕಕ್ಕೆ ಎನ್ ಇಟ್ಟೆ. 'ಪಿ... ನ್. ಪಿನ್!' ಅವತ್ತೇ 'ಟಿನ್', 'ಟಿಪ್', 'ಸಿಟ್' ಎಲ್ಲ ಬಂದುಬಿಟ್ಟವು.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಕ್ಯಾಟ್, ಬ್ಯಾಟ್, ಮ್ಯಾಟ್ ಅಂತ ಕೊನೆಯ ಪ್ರಾಸ ಹಿಡಿದು ಕಲಿಸೋ ಪದಕುಟುಂಬದ ದಾರಿಯನ್ನೂ ನೋಡಿದ್ದೆ. ನನ್ನ ಮಕ್ಕಳು ಅದರಲ್ಲಿ ಮೊದಲ ಅಕ್ಷರ ನೋಡಿ ಮಿಕ್ಕಿದ್ದನ್ನು ಊಹೆ ಮಾಡೋರು. ಮೊದಲೆರಡು ಸದ್ದನ್ನು ಕಾಗುಣಿತದ ಹಾಗೆ ಒಟ್ಟಿಗೆ ಹಿಡಿದು, ಕೊನೆಗೆ ಅರ್ಧಾಕ್ಷರ ಸೇರಿಸೋದು ನಮಗೆ ಒಗ್ಗಿತು.

ತೊಡಕು ಮುಗಿಯಲಿಲ್ಲ ಅನ್ನಿ. ನಾವು ಬಸ್ಸು, ಪೆನ್ನು ಅನ್ನೋ ಜನ. ಇಂಗ್ಲಿಷಿನ 'ಬಸ್' ಓದಿಸಿದಾಗ ಒಬ್ಬಳು ಎದ್ದು, "ಬಸ್ಸಿನ 'ಸ್ಸು' ಎಲ್ಲೋಯ್ತು, ಮಿಸ್?" ಅಂದಳು. ಪದದ ಕೊನೆಯ ಸದ್ದನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ. ಇನ್ನೊಬ್ಬ 'ಕ್ಯಾಟ್' ಬರಿ ಅಂದರೆ ಕೆ, ವೈ, ಎ, ಟಿ ಬರೆದ. ಕನ್ನಡದಲ್ಲಿ 'ಕ್ಯಾ' ಬರೆಯೋಕೆ ಯ ಒತ್ತು ಬೇಕಲ್ಲ! ನಾನು ಕೆಂಪು ಗೆರೆ ಹಾಕಲಿಲ್ಲ. ಇಂಗ್ಲಿಷಿನ 'ಹೆನ್' ಓದೋದು ಮಾತ್ರ ಈಗಲೂ 'ಎನ್' ಅಂತಲೇ. ಹಾಲಿಗೆ 'ಆಲು' ಅನ್ನೋ ಊರು ನಮ್ಮದು. ಅದಕ್ಕೆ ಫೋನಿಕ್ಸ್ ಏನು ಮಾಡೀತು?

'ವಾಸ್', 'ಸೆಡ್' ಥರದ ಇಂಗ್ಲಿಷ್ ಪದಗಳ ಸ್ಪೆಲಿಂಗಿಗೆ ಸದ್ದಿನ ಲೆಕ್ಕ ಪೂರ್ತಿ ಹೊಂದೋದಿಲ್ಲ. ಅವನ್ನು ಬಾಗಿಲ ಪಕ್ಕ ಅಂಟಿಸಿದ್ದೇನೆ, ಹೋಗ್ತಾ ಬರ್ತಾ ನೋಡಲಿ ಅಂತ. ಅಕ್ಷರದ ಹೆಸರುಗಳನ್ನು ದಸರಾ ರಜೆ ಮುಗಿದ ಮೇಲಷ್ಟೇ ಹೇಳಿಕೊಡೋದು. ಅದಕ್ಕೂ ಮುಂಚೆ "ನಮ್ಮ ಮಗೀಗೆ ಎಬಿಸಿಡಿನೇ ಬರಾಕಿಲ್ಲ" ಅಂತ ಅಜ್ಜಿಯೊಬ್ಬರು ಜಗಳಕ್ಕೆ ಬಂದಿದ್ದುಂಟು. ಮೊಮ್ಮಗಳ ಕೈಲಿ ನಾಲ್ಕು ಪದ ಓದಿಸಿ ಕಳಿಸಿದೆ.

ಮೊನ್ನೆ ಕಬ್ಬಿನ ಲಾರಿಯೊಂದು ಶಾಲೆ ಮುಂದೆ ನಿಂತಿತ್ತು. ಎರಡನೇ ಕ್ಲಾಸಿನವನು ಮುಂಭಾಗದ ಅಕ್ಷರಗಳನ್ನು ಬೆರಳಲ್ಲಿ ತೋರಿಸುತ್ತಾ ಓದಿದ: "ಟ್ಯಾ... ಟ್ಯಾ." ಆಮೇಲೆ ಅನುಮಾನದಲ್ಲಿ ನನ್ನ ಕಡೆ ತಿರುಗಿ, "ಟಾಟಾ ಅಲ್ವಾ ಮಿಸ್ ಅದು? ತಪ್ಪು ಬರ್ದವ್ರೆ."